ಅಂಗಡಿಯೊಳಗೆ ನಮ್ಮ ಎರಡು ಕೈ

ಈ ಶಾಟ್‌ನಲ್ಲಿ ನನ್ನ ಅಮ್ಮನ ಕೈ ನೋಡಿ. ಬಲಗೈಯಲ್ಲಿ ಊರುಗೋಲು, ಎಡಗೈಯಲ್ಲಿ ಬುಟ್ಟಿ. ಎದುರಿನ ಶೆಲ್ಫ್‌ನಲ್ಲಿರುವ ಸೋಪು ಬೇಕು. ಯಾವ ಕೈಯಿಂದ ತೆಗೆಯಬೇಕು? ಬುಟ್ಟಿಯನ್ನು ನೆಲಕ್ಕಿಟ್ಟರು. ಸೋಪು ತೆಗೆದು ಅದರೊಳಗೆ ಹಾಕಿದರು. ಆಮೇಲೆ ಬುಟ್ಟಿ ಎತ್ತಲು ಮತ್ತೆ ಬಗ್ಗಿದರು. ಒಂದು ಸೋಪಿಗೆ ಎರಡು ಸಲ ಸೊಂಟ ಬಗ್ಗಿಸಬೇಕಾಯಿತು.

ಅವತ್ತಿನಿಂದ ನಾನು ಅಂಗಡಿ ನೋಡುವ ರೀತಿಯೇ ಬದಲಾಗಿದೆ. ಮೊದಲು ಲೈಟು, ಬಣ್ಣ, ಜೋಡಣೆ ನೋಡಿ ಚೆನ್ನಾಗಿದೆ ಅನ್ನುತ್ತಿದ್ದೆ. ಈಗ ಒಳಗೆ ಕಾಲಿಟ್ಟ ಕೂಡಲೇ ಜನರ ಕೈ ನೋಡುತ್ತೇನೆ.

ಮೊದಲೆಲ್ಲ ಕೌಂಟರಿನ ಆಚೆ ನಿಂತವರೇ ಸಾಮಾನು ತೆಗೆದು ಕೊಡುತ್ತಿದ್ದರು. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಅವರು ಪಿಗ್ಲಿ ವಿಗ್ಲಿ ಅಂಗಡಿ ತೆರೆದು, ಗಿರಾಕಿಗಳೇ ಬುಟ್ಟಿ ಹಿಡಿದು ಬೇಕಾದ್ದನ್ನು ಆರಿಸಿಕೊಳ್ಳುವ ಹಾಗೆ ಮಾಡಿದರು. ಆರಿಸುವ ಸ್ವಾತಂತ್ರ್ಯ ಸಿಕ್ಕಿತು. ಜೊತೆಗೆ ಹೊರುವ ಕೆಲಸವೂ ನಮ್ಮ ತಲೆಗೇ ಬಂತು.

ಬುಟ್ಟಿ ಭಾರವಾದರೆ ಜನ ಕೊಳ್ಳುವುದನ್ನು ನಿಲ್ಲಿಸುತ್ತಾರೆ, ಅಲ್ವಾ? ಒಕ್ಲಹೋಮ ಸಿಟಿಯಲ್ಲಿ ಅಂಗಡಿಗಳನ್ನು ನಡೆಸುತ್ತಿದ್ದ ಸಿಲ್ವನ್ ಗೋಲ್ಡ್‌ಮನ್ ಇದನ್ನು ಗಮನಿಸಿದ್ದರು. ಮಡಚುವ ಕುರ್ಚಿಯೊಂದನ್ನು ನೋಡಿ ಅವರಿಗೆ ಉಪಾಯ ಹೊಳೆಯಿತು: ಕೂರುವ ಜಾಗದಲ್ಲಿ ಬುಟ್ಟಿ, ಕಾಲುಗಳಿಗೆ ಗಾಲಿ. 1937ರಲ್ಲಿ ಟ್ರಾಲಿ ಹೀಗೆ ಶುರುವಾಯಿತು. ಆದರೆ ಮೊದಮೊದಲು ಜನ ಅದರ ಹತ್ತಿರ ಹೋಗಲೇ ಇಲ್ಲ. ಕೊನೆಗೆ ಗೋಲ್ಡ್‌ಮನ್ ದುಡ್ಡು ಕೊಟ್ಟು ಕೆಲವರನ್ನು ಕರೆಸಿ, ಗಿರಾಕಿಗಳ ಹಾಗೆ ಟ್ರಾಲಿ ತಳ್ಳಿಕೊಂಡು ಓಡಾಡಲು ಹೇಳಿದರು.

ಈಗ ಕ್ಯಾಮೆರಾ ಹತ್ತಿರ ತರುತ್ತೇನೆ. ಟ್ರಾಲಿಯ ಹಿಂಬದಿಯ ಜಾಲರಿ ನೋಡಿ. ಕೆಳಗಿನಿಂದ ತಳ್ಳಿದರೆ ಬಾಗಿಲಿನ ಹಾಗೆ ಮೇಲೇಳುತ್ತದೆ. ಹಿಂದಿನ ಟ್ರಾಲಿ ಮುಂದಿನದರೊಳಗೆ ಸೀದಾ ಸೇರಿಕೊಳ್ಳುತ್ತದೆ. ಒಂದರೊಳಗೊಂದು ಸೇರುವ ಟ್ರಾಲಿಯನ್ನು 1946ರಲ್ಲಿ ಕ್ಯಾನ್ಸಸ್ ಸಿಟಿಯ ಓರ್ಲಾ ವಾಟ್ಸನ್ ಮಾಡಿದರು. ಇಷ್ಟು ಟ್ರಾಲಿಗಳು ಒಂದು ಮೂಲೆಯಲ್ಲಿ ಹಿಡಿಸುವುದು ಈ ಜಾಲರಿಯಿಂದ. ಎಷ್ಟು ಸಲ ತಳ್ಳಿದ್ದೇನೆ, ಒಮ್ಮೆಯೂ ಗಮನಿಸಿರಲಿಲ್ಲ.

ಅಮ್ಮನಿಗೆ ಟ್ರಾಲಿ ಅಂದರೆ ಆಸರೆ. ಊರುಗೋಲನ್ನು ಅದರೊಳಗಿಟ್ಟು ಹಿಡಿಯ ಮೇಲೆ ಭಾರ ಹಾಕಿ ನಡೆಯುತ್ತಾರೆ. ಒಂದು ಕೈ ಪೂರ್ತಿ ಖಾಲಿ. ಆದರೆ ಸಾಲುಗಳ ನಡುವೆ ಆಫರ್ ಸ್ಟ್ಯಾಂಡ್ ತಂದು ನಿಲ್ಲಿಸಿದರೆ ಟ್ರಾಲಿ ಮುಂದೆ ಹೋಗುವುದಿಲ್ಲ. ಗಾಲಿಕುರ್ಚಿಯಲ್ಲಿರುವವರ ಗತಿ ಇನ್ನೂ ಕಷ್ಟ. ಗಾಲಿಕುರ್ಚಿ ನಿಂತಲ್ಲೇ ಪೂರ್ತಿ ತಿರುಗಬೇಕಾದರೆ ಸುಮಾರು ಒಂದೂವರೆ ಮೀಟರ್ ಜಾಗ ಬೇಕು. ದಾರಿಯಲ್ಲಿ ಸ್ಟ್ಯಾಂಡ್ ಇಡುವವರು ಇದನ್ನು ಯೋಚಿಸಲೇಬೇಕು.

ಕೆಳಗಿನ ಶೆಲ್ಫ್ ಅನ್ನು ಸ್ವಲ್ಪ ಹೊರಗೆ ಚಾಚಿ, ಬೆಲೆಚೀಟಿಯನ್ನು ಮೇಲ್ಮುಖವಾಗಿ ಓರೆ ಮಾಡಿದರೆ ನಿಂತಲ್ಲಿಂದಲೇ ಓದಬಹುದು. ಬಟ್ಟೆ ಅಂಗಡಿಯ ಟ್ರಯಲ್ ರೂಮಿನಲ್ಲಿ ಒಂದೇ ಕೊಕ್ಕೆ ಯಾಕೆ? ಹಾಕಿಕೊಂಡು ಬಂದ ಬಟ್ಟೆ, ನೋಡಬೇಕಾದ ಬಟ್ಟೆ, ಬ್ಯಾಗು. ನನ್ನ ಲೆಕ್ಕದಲ್ಲಿ ಕಡಿಮೆ ಅಂದರೂ ಮೂರು ಕೊಕ್ಕೆ ಬೇಕು.

ಎಲ್ಲಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು ಬಿಲ್ಲಿಂಗ್ ಕೌಂಟರ್. ಬಿಲ್ ಆದ ಸಾಮಾನು ಒಂದೇ ಸಮನೆ ಈಚೆ ಬರುತ್ತಿರುತ್ತದೆ. ಅದನ್ನು ಚೀಲಕ್ಕೆ ತುಂಬಬೇಕು, ಪರ್ಸ್ ತೆಗೆಯಬೇಕು, ಕಾರ್ಡ್ ಕೊಡಬೇಕು. ಹಿಂದೆ ಕ್ಯೂ ಬೆಳೆಯುತ್ತಿರುತ್ತದೆ. ಅಮ್ಮ ಇಲ್ಲಿ ಗಾಬರಿಯಾಗುತ್ತಾರೆ. ನಿಧಾನ ಆಗುತ್ತಿರುವುದು ತಮ್ಮಿಂದಲೇ ಅಂದುಕೊಂಡು ಹಿಂದಿನವರಿಗೆ ಸಾರಿ ಹೇಳುತ್ತಾರೆ. ಆ ಮಾತು ಕೇಳಿದಾಗ ನನಗೆ ನಿಜವಾಗಲೂ ಸಂಕಟ ಆಗುತ್ತದೆ. ತಪ್ಪು ಅವರದ್ದಲ್ಲ. ಚೀಲ ಇಡಲು ಅಲ್ಲಿ ಜಾಗವೇ ಇಲ್ಲ.

ಈಗ ಈ ಕೌಂಟರ್ ನೋಡಿ, ಇದು ಬೇರೆ ಅಂಗಡಿ. ದುಡ್ಡು ಕೊಡುವ ಜಾಗದ ಕೆಳಗೆ, ಸೊಂಟದ ಎತ್ತರಕ್ಕೆ, ಗೇಣಗಲದ ಒಂದು ಹಲಗೆ ಇದೆ. ಅಷ್ಟೇ. ಅಮ್ಮ ಚೀಲವನ್ನು ಅದರ ಮೇಲಿಟ್ಟರು. ಊರುಗೋಲನ್ನು ಪಕ್ಕದ ಕೊಕ್ಕೆಗೆ ಸಿಕ್ಕಿಸಿದರು. ಎರಡೂ ಕೈಯಿಂದ ಪರ್ಸ್ ತೆರೆದು ಚಿಲ್ಲರೆ ಎಣಿಸುತ್ತಿದ್ದಾರೆ, ನಿಧಾನವಾಗಿ.