ಜೂನ್‌ನಲ್ಲಿ ಜಲಪಾತ, ಏಪ್ರಿಲ್‌ನಲ್ಲಿ ಖಾಲಿ ಕೊಡ: ಮಡಿಕೇರಿ ಮನೆಯ ನೀರಿನ ಲೆಕ್ಕ

[ದೃಶ್ಯ: ಹಂಚಿನ ಮಾಡು, ಧೋ ಎನ್ನುವ ಮಳೆ]

ವರ್ಷಕ್ಕೆ 3,000 ಮಿಲಿಮೀಟರ್ ಮಳೆ ಬೀಳುವ ಮಡಿಕೇರಿಯಲ್ಲಿ ಬೇಸಿಗೆಗೆ ನಲ್ಲಿ ಯಾಕೆ ಒಣಗುತ್ತೆ? ಊರು ಗುಡ್ಡದ ನೆತ್ತಿ ಮೇಲಿದೆ. ಬಿದ್ದ ನೀರು ಹಾರಂಗಿ ನದಿ ಕಡೆಗೋ ಪಯಸ್ವಿನಿ ನದಿ ಕಡೆಗೋ ಇಳಿದು ಹೋಗುತ್ತೆ. ಅದು ಎಲ್ಲರಿಗೂ ಗೊತ್ತು, ಮುಂದಕ್ಕೆ ಹೋಗೋಣ.

ಮಾಡಿನ ಮೇಲೆ ಬೀಳೋ ಮಳೆನೀರನ್ನೇ ಟ್ಯಾಂಕಲ್ಲಿ ಹಿಡಿದಿಟ್ಟರೆ? ಸಾವಿರ ಚದರಡಿ ಮಾಡು ಅಂದ್ರೆ 93 ಚದರ ಮೀಟರ್. ಪ್ರತಿ ಚದರ ಮೀಟರ್‌ಗೆ 1 ಮಿಲಿಮೀಟರ್ ಬಿದ್ದರೆ 1 ಲೀಟರ್. ಸೋರಿದ್ದು, ಸಿಡಿದದ್ದು ಶೇ 20 ಕಳೆದರೂ ವರ್ಷಕ್ಕೆ 2.2 ಲಕ್ಷ ಲೀಟರ್! ನಿಮ್ಮ ಟ್ಯಾಂಕ್ ಎಷ್ಟರದು? 10 ಸಾವಿರ. ನಾಲ್ವರ ಮನೆ, ತಲೆಗೆ ದಿನಕ್ಕೆ 135 ಲೀಟರ್ ಅಂದ್ರೆ ಹದಿನೆಂಟೇ ದಿನಕ್ಕೆ ಖಾಲಿ.

ತಾಳಿ, ನನಗಿಷ್ಟದ ಲೆಕ್ಕ ಈಗ ಬರುತ್ತೆ. ಅದೇ ನೀರನ್ನು ಕುಡಿಯೋಕೆ, ಅಡುಗೆಗೆ ಮಾತ್ರ ಇಟ್ಟುಕೊಳ್ಳಿ: ಇಡೀ ಮನೆಗೆ ದಿನಕ್ಕೆ 20 ಲೀಟರ್. ಐನೂರು ದಿನ! ಟ್ಯಾಂಕ್ ಚಿಕ್ಕದಲ್ಲ, ಅದರ ನೀರಲ್ಲಿ ಕಾರು ತೊಳೆಯೋ ನಮ್ಮ ಕೈ ದೊಡ್ಡದು.

ಆದ್ದರಿಂದ ಸೆಪ್ಟೆಂಬರ್ ಕೊನೆಗೆ ಟ್ಯಾಂಕ್ ತೊಳೆಯಿರಿ, ತುಲಾ ಸಂಕ್ರಮಣದ ಆಚೀಚಿನ ಮಳೆಯಲ್ಲಿ ತುಂಬಿಸಿ. ಅದೇ ಶೇ 20 ಕಳೆದರೂ ಒಟ್ಟು 135 ಮಿಲಿಮೀಟರ್ ಮಳೆ ಬಂದರೆ ಸಾಕು. ತುಂಬಿದ ಮೇಲೆ ಬೆಳಕು ಹೋಗದ ಹಾಗೆ ಮುಚ್ಚಿ, ಇಲ್ಲದಿದ್ದರೆ ಪಾಚಿ. ಕುಡಿಯುವಾಗ ಕುದಿಸಿ.

[ದೃಶ್ಯ: ಪೈಪ್ ಜೋಡಣೆ]

ಮೊದಲ ಮಳೆ ಟ್ಯಾಂಕಿಗೆ ಹೋಗಬಾರದು. ಅದರಲ್ಲಿರೋದು ಧೂಳು, ಹಕ್ಕಿ ಹಿಕ್ಕೆ, ಸಿಲ್ವರ್ ಓಕ್ ಎಲೆ. ಮೊದಲ 1 ಮಿಲಿಮೀಟರ್ ಮಳೆ ಬೇರೆ ಹಿಡಿಯೋಕೆ 93 ಲೀಟರ್ ಜಾಗ ಬೇಕು. 6 ಇಂಚಿನ ಪೈಪ್ ಮೀಟರ್‌ಗೆ ಸುಮಾರು 18 ಲೀಟರ್ ಹಿಡಿಯುತ್ತೆ, ಅಂದ್ರೆ 5 ಮೀಟರ್ ಪೈಪ್. ಅಷ್ಟು ಎತ್ತರ ಎಲ್ಲಿದೆ? 200 ಲೀಟರ್ ಡ್ರಮ್ ಇಡಿ, ಅದು ತುಂಬಿದ ಮೇಲಷ್ಟೇ ನೀರು ಟ್ಯಾಂಕಿಗೆ ಹೋಗಲಿ. ತಳದಲ್ಲಿ ಸಣ್ಣ ತೂತು ಇರಲಿ, ಮಳೆ ನಿಂತಾಗ ತಾನೇ ಖಾಲಿಯಾಗಲಿ. ಎಡವಟ್ಟಾಗೋದು ಈ ತೂತಲ್ಲೇ: ಎಲೆ ಕಟ್ಟಿಕೊಂಡರೆ ಡ್ರಮ್ ತುಂಬಿಯೇ ಇರುತ್ತೆ, ಮುಂದಿನ ಕೊಳೆ ನೇರ ಟ್ಯಾಂಕಿಗೆ.

[ದೃಶ್ಯ: ಕಡಿದ ಬರೆ]

ಟೈಮ್ ಮುಗೀತಾ ಬಂತು, ಉಳಿದದ್ದು ಬೇಗ ಹೇಳ್ತೀನಿ. ಬಯಲುಸೀಮೆ ವಿಡಿಯೋ ನೋಡಿ ಬರೆಯ, ಅಂದ್ರೆ ಗುಡ್ಡ ಕಡಿದಾಗ ಉಳಿಯೋ ನೆಟ್ಟನೆ ಮಣ್ಣಿನ ಗೋಡೆಯ, ನೆತ್ತಿ ಮೇಲೆ ಇಂಗುಗುಂಡಿ ತೋಡಬೇಡಿ. ಮಣ್ಣೊಳಗೆ ನೀರಿನ ಒತ್ತಡ ಏರಿದರೆ ಹಿಡಿತ ಬಿಡುತ್ತೆ; ನೆನೆದ ಗುಡ್ಡ ಏನು ಮಾಡುತ್ತೆ ಅಂತ ಆಗಸ್ಟ್ 2018ರ ಕೊಡಗಿನ ಭೂಕುಸಿತ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. 10 ಸಾವಿರ ಲೀಟರ್ ಅಂದ್ರೆ 10 ಟನ್, ಟ್ಯಾಂಕೂ ಬರೆಯಂಚಿಗೆ ಬೇಡ. ಒಳಗೆ ಬರುವ ಪೈಪಿನಷ್ಟೇ ದಪ್ಪದ ಪೈಪು ಹೊರಗೂ ಇರಲಿ, ತುದಿಗೆ ಸೊಳ್ಳೆ ಬಲೆ ಕಟ್ಟಿ. ಹೆಚ್ಚಾದ ನೀರು ಸಿಮೆಂಟ್ ಚರಂಡಿಯಲ್ಲೇ ತೋಡಿನ ತನಕ ಹೋಗಲಿ, ಕೆಳಗಿನ ಮನೆಯವರ ಅಂಗಳಕ್ಕಲ್ಲ.