ಸ್ಟೌ ಸಿಡಿಯಿತು ಅಂತ ಬರೆದವರು ಯಾರು?

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ನಲವತ್ತು ದಾಟಿದವರಿಗೆ ಪೇಪರಿನ ಒಂದು ತಲೆಬರಹ ನೆನಪಿರಬೇಕು. 'ಸ್ಟೌ ಸಿಡಿದು ಗೃಹಿಣಿ ಸಾವು.' ಒಳಪುಟದ ಮೂಲೆಯಲ್ಲಿ ನಾಲ್ಕೇ ಸಾಲು. ಓದಿ ಪುಟ ತಿರುಗಿಸುತ್ತಿದ್ದೆವು. ನಾನೂ ಅಷ್ಟೇ.

ಬೆಂಗಳೂರಿನಲ್ಲಿ 1979ರಲ್ಲಿ ಶುರುವಾದ 'ವಿಮೋಚನಾ' ಎಂಬ ಮಹಿಳಾ ಸಂಘಟನೆಯವರು ಸುಮ್ನಿರಲಿಲ್ಲ. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋದರು. ಮದುವೆಯಾದ ಹೆಣ್ಣುಮಕ್ಕಳ ಸಾವುಗಳನ್ನು ಒಂದೊಂದಾಗಿ ಕೆದಕಿದರು. ಇಲ್ಲಿ ಏಳುವ ಪ್ರಶ್ನೆ ತುಂಬಾ ಸರಳ. ಅದೇ ಅಡುಗೆಮನೆ, ಅದೇ ಪಂಪ್ ಸ್ಟೌ. ಅತ್ತೆಯೂ ಅದರ ಮೇಲೇ ಕಾಫಿ ಕಾಯಿಸುತ್ತಾಳೆ. ಸಿಡಿಯುವಾಗ ಮಾತ್ರ ಎದುರಿಗೆ ಸೊಸೆಯೇ ಯಾಕಿರುತ್ತಾಳೆ?

ಠಾಣೆಯಲ್ಲಿ ಇಂಥ ಸಾವಿಗೆ ಮೊದಲು ಆಗುವುದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಅದರಲ್ಲಿ 'ಆಕಸ್ಮಿಕ' ಅಂತ ಬಿದ್ದರೆ ಫೈಲು ಅಲ್ಲಿಗೇ ಮುಗಿಯಬಹುದು. ಆಮೇಲೆ ಸಂಶೋಧಕರ ಕೈಗೆ ಬರುವುದೂ ಅದೇ ಕಾಗದ. ಸಾಯುವವಳ ಹೇಳಿಕೆ ಇದೆಯಲ್ಲ ಅನ್ನಬಹುದು. ಆದರೆ ಮಂಚದ ಪಕ್ಕದಲ್ಲಿ ಗಂಡ ನಿಂತಿದ್ದಾನೆ, ಮಗು ಅವನ ಮನೆಯಲ್ಲೇ ಬೆಳೆಯಬೇಕು. ಅವಳು ಏನು ಹೇಳಿಯಾಳು?

2009ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 2001ರಲ್ಲಿ ಭಾರತದಲ್ಲಿ ಬೆಂಕಿಯಿಂದ ಸತ್ತವರು ಸುಮಾರು 1,63,000 ಮಂದಿ, ಅದರಲ್ಲಿ ಹೆಂಗಸರೇ 1,06,000 ಎಂಬ ಅಂದಾಜು ಅದರದು. ಪೊಲೀಸರ ಲೆಕ್ಕಕ್ಕಿಂತ ಆರು ಪಟ್ಟು ಜಾಸ್ತಿ! 15ರಿಂದ 34ರ ವಯಸ್ಸಿನಲ್ಲಿ ಒಬ್ಬ ಗಂಡಿಗೆ ಮೂವರು ಹೆಣ್ಣು. ಎಲ್ಲವೂ ಕೊಲೆ ಅಂತ ಅವರು ಹೇಳಲಿಲ್ಲ. ಅಡುಗೆಮನೆಯ ಅವಘಡವೂ ಇದೆ, ಬೇಸತ್ತು ಬೆಂಕಿ ಹಚ್ಚಿಕೊಂಡವರೂ ಇದ್ದಾರೆ. ಆದರೆ ಬರೀ ಅವಘಡವಾದರೆ ವಯಸ್ಸು ನೋಡಿ ಬರುತ್ತದಾ?

'ಫೆಮಿಸೈಡ್' ಎಂಬ ಪದವನ್ನು 1976ರಲ್ಲಿ ಬ್ರಸೆಲ್ಸ್‌ನ ಮಹಿಳಾ ನ್ಯಾಯಮಂಡಳಿಯಲ್ಲಿ ಸ್ತ್ರೀವಾದಿ ಲೇಖಕಿ ಡಯಾನಾ ರಸೆಲ್ ಬಳಸಿದರು. ಹೆಣ್ಣು ಅನ್ನೋ ಕಾರಣಕ್ಕೇ ಆಗುವ ಕೊಲೆ ಅದು. ನಮ್ಮಲ್ಲೂ 'ಸ್ತ್ರೀಹತ್ಯಾ ದೋಷ' ಅಂತ ಹಳೇ ಮಾತಿದೆ. ಆದರೆ ಅದು ಕೊಂದವನ ಪಾಪ ಕಳೆಯುವ ಚಿಂತೆ, ಸತ್ತವಳದ್ದಲ್ಲ ಅಲ್ವಾ? 2023ರಲ್ಲಿ ಜಗತ್ತಿನಲ್ಲಿ ಕೊಲೆಯಾದ ಸುಮಾರು 85,000 ಹೆಣ್ಣುಗಳಲ್ಲಿ 51,100 ಮಂದಿಯನ್ನು ಕೊಂದವರು ಸಂಗಾತಿ ಅಥವಾ ಮನೆಯವರು ಅನ್ನುತ್ತದೆ ವಿಶ್ವಸಂಸ್ಥೆ.

ನಮ್ಮ ಕಾನೂನು 1986ರಲ್ಲಿ ದಂಡ ಸಂಹಿತೆಗೆ (ಐಪಿಸಿ) 304ಬಿ ಕಲಂ ತಂದು 'ವರದಕ್ಷಿಣೆ ಸಾವು' ಅಂತ ಹೆಸರು ಕೊಟ್ಟಿತು. ಮದುವೆಯಾಗಿ ಏಳು ವರ್ಷದೊಳಗಿನ ಸಾವಿಗೆ ಮಾತ್ರ ಅದು. ಈಗ ಅದರ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂನಲ್ಲೂ ಅದೇ ಏಳು. ಎಂಟನೇ ವರ್ಷ ಸತ್ತವಳು ಆ ಲೆಕ್ಕಕ್ಕೇ ಬರುವುದಿಲ್ಲ. ವರದಕ್ಷಿಣೆಯ ಮಾತಿಲ್ಲದೆ ಬರೀ ಅನುಮಾನಕ್ಕೆ ಸತ್ತವಳೂ ಇಲ್ಲ.

ಮನೆಮನೆಗೂ ಗ್ಯಾಸ್ ಬಂದಿದೆ, ಪಂಪ್ ಸ್ಟೌ ಕಾಣೆಯಾಗಿದೆ. ಆ ತಲೆಬರಹವೂ ಹೋಯಿತು. ನಾಳೆ ಬೆಳಗ್ಗೆ ಪೇಪರು ತೆಗೆದಾಗ ಒಳಪುಟದ ಮೂಲೆ ನೋಡಿ. 'ಹೊಟ್ಟೆನೋವು ತಾಳಲಾರದೆ ಗೃಹಿಣಿ ನೇಣಿಗೆ' ಅಂತ ನಾಲ್ಕು ಸಾಲು ಕಂಡರೆ, ಆ ಹೊಟ್ಟೆನೋವಿನ ಮಾತು ಹೇಳಿದವರು ಯಾರು ಅಂತ ಒಮ್ಮೆ ಕೇಳಿಕೊಳ್ಳಿ.