ಮಾತ್ರೆಯಿಂದ ತುರಿಕೆ ನಿಂತಿದೆ, ಒಂದು ಸಲ ಕ್ರಾಸ್ ಮಾಡಿಸಬಹುದಾ?

[ತೆರೆಯ ಮೇಲೆ: ನಾಯಿಯ ಮುಂಗಾಲು, ಬೆರಳ ಸಂದಿ ತೀರಾ ಹತ್ತಿರದಿಂದ]

ಈ ಬಣ್ಣ ನೋಡಿ. ಬೆರಳ ಸಂದಿಯ ಬಿಳಿ ಕೂದಲು ತುಕ್ಕು ಹಿಡಿದ ಹಾಗೆ ಕೆಂಗಂದು ಆಗಿದೆ ಅಲ್ವಾ? ಇದು ಕೊಳೆ ಅಲ್ಲ, ತೊಳೆದರೆ ಹೋಗುವುದಿಲ್ಲ. ನಾಯಿಯ ಜೊಲ್ಲಿನಲ್ಲಿ ಪಾರ್ಫಿರಿನ್ ಅನ್ನುವ ವಸ್ತು ಇರುತ್ತದೆ. ದಿನಾ ಗಂಟೆಗಟ್ಟಲೆ ನೆಕ್ಕಿ ನೆಕ್ಕಿ ಅದೇ ಕೂದಲಿಗೆ ಬಣ್ಣ ಹಿಡಿಸಿದೆ. ಅಂದರೆ ಈ ಕಲೆ ಒಂದು ಲೆಕ್ಕದ ಪುಸ್ತಕ ಇದ್ದ ಹಾಗೆ. ಈ ನಾಯಿಗೆ ಎಷ್ಟು ತುರಿಸಿದೆ ಅನ್ನುವುದು ಅದರಲ್ಲೇ ಬರೆದಿದೆ.

ನಮಸ್ಕಾರ. ಇವತ್ತಿನ ವಿಡಿಯೋ ಒಬ್ಬ ವೀಕ್ಷಕರ ಪ್ರಶ್ನೆಯಿಂದ ಹುಟ್ಟಿದ್ದು. ಅವರು ಕೇಳಿದ್ದು ಇಷ್ಟು: "ಮೇಡಂ, ನಮ್ಮ ಸಿಂಬಾಗೆ ಸ್ಕಿನ್ ಅಲರ್ಜಿ ಇತ್ತು. ಈಗ ಮಾತ್ರೆಯಿಂದ ಪೂರ್ತಿ ಚೆನ್ನಾಗಿದ್ದಾನೆ. ನೋಡೋಕೂ ಚೆಂದ, ಗುಣಾನೂ ಚೆಂದ. ಒಂದೇ ಒಂದು ಸಲ ಕ್ರಾಸ್ ಮಾಡಿಸಬಹುದಾ?"

ಮೊದಲು ಓದಿದಾಗ "ಬೇಡ" ಅಂತ ಒಂದು ಸಾಲು ಬರೆದು ಮುಗಿಸೋಣ ಅನ್ನಿಸಿತು. ಆದರೆ ಎರಡು ದಿನ ಈ ಪ್ರಶ್ನೆ ತಲೆಯಿಂದ ಹೋಗಲೇ ಇಲ್ಲ. ಯಾಕೆ ಅಂದರೆ ಇದರಲ್ಲಿ ಎರಡು ಪ್ರಶ್ನೆ ಇವೆ. ಔಷಧಿ ಏನನ್ನು ವಾಸಿ ಮಾಡಿದೆ ಅನ್ನುವುದು ಒಂದು. ಮರಿಗೆ ಏನು ಹೋಗುತ್ತದೆ ಅನ್ನುವುದು ಇನ್ನೊಂದು.

ಮೂಲ ವಿಷಯ ಬೇಗ ಬೇಗ ಹೇಳಿಬಿಡುತ್ತೇನೆ. ನಾಯಿಗೆ ಅಲರ್ಜಿ ಅಂದರೆ ಮುಖ್ಯವಾಗಿ ಮೂರು. ಚಿಗಟ ಕಚ್ಚಿದ್ದರಿಂದ ಬರುವುದು, ಆಹಾರದಿಂದ ಬರುವುದು, ಮತ್ತೆ ಧೂಳಿನ ನುಸಿ, ಹೂವಿನ ಪರಾಗ, ಬೂಷ್ಟು ಇಂಥದ್ದರಿಂದ ಬರುವುದು. ಈ ಮೂರನೆಯದಕ್ಕೆ ಅಟೋಪಿಕ್ ಡರ್ಮಟೈಟಿಸ್ ಅನ್ನುತ್ತಾರೆ. ನಾಯಿಗಳಲ್ಲಿ ಸುಮಾರು 10ರಿಂದ 15 ಪರ್ಸೆಂಟ್‌ಗೆ ಇದು ಇದೆ ಅನ್ನುವ ಅಂದಾಜಿದೆ. ನಮಗೆ ಅಲರ್ಜಿ ಆದರೆ ಸೀನು ಬರುತ್ತದೆ, ನಾಯಿಗೆ ತುರಿಕೆ ಬರುತ್ತದೆ. ಪಾದ, ಕಿವಿ, ಕಂಕುಳು, ಹೊಟ್ಟೆ, ಮುಖ. ಕಿವಿ ಪದೇ ಪದೇ ಸೋಂಕಾಗುತ್ತಿದ್ದರೆ ಅದರ ಹಿಂದೆಯೂ ಎಷ್ಟೋ ಸಲ ಅಲರ್ಜಿಯೇ ಇರುತ್ತದೆ.

ಈಗ ಚರ್ಮವನ್ನು ಒಂದು ಗೋಡೆ ಅಂದುಕೊಳ್ಳಿ. ಜೀವಕೋಶಗಳು ಇಟ್ಟಿಗೆ. ಅವುಗಳ ನಡುವಿನ ಕೊಬ್ಬಿನ ಅಂಶ ಗಾರೆ. ಅಟೋಪಿ ಇರುವ ನಾಯಿಗಳಲ್ಲಿ ಎಷ್ಟೋ ಸಲ ಈ ಗಾರೆಯ ಹದವೇ ಸರಿ ಇರುವುದಿಲ್ಲ. ಸೆರಮೈಡ್ ಅನ್ನುವ ಕೊಬ್ಬು ಕಡಿಮೆ ಇರುತ್ತದೆ. ಸಂದಿಯಿಂದ ನುಸಿಯ ಕಣ, ಪರಾಗದ ಕಣ ಒಳಗೆ ನುಗ್ಗುತ್ತವೆ. ಒಳಗಿನ ರೋಗನಿರೋಧಕ ವ್ಯವಸ್ಥೆ "ಶತ್ರು ಬಂದ" ಅಂತ ಕೂಗೆಬ್ಬಿಸುತ್ತದೆ. ಆ ಕೂಗುಗಳಲ್ಲಿ ಮುಖ್ಯವಾದ ಒಂದು ಇಂಟರ್‌ಲ್ಯೂಕಿನ್ 31 ಅನ್ನುವ ಪ್ರೋಟೀನ್. ಅದು ಸೀದಾ ನರಕ್ಕೆ ಹೋಗಿ ಅಂಟಿಕೊಂಡು "ತುರಿಸ್ತಿದೆ" ಅಂತ ಹೇಳುತ್ತದೆ. ನಾಯಿ ಕೆರೆಯುತ್ತದೆ. ಕೆರೆದರೆ ಗೋಡೆ ಇನ್ನಷ್ಟು ಒಡೆಯುತ್ತದೆ. ಒಡೆದ ಗೋಡೆಯಿಂದ ಮತ್ತಷ್ಟು ಕಣ ಒಳಗೆ.

ಸಿಂಬಾಗೆ ಕೊಡುತ್ತಿರಬಹುದಾದ ಮಾತ್ರೆ ಮಾಡುವುದು ಏನು? ಒಕ್ಲಾಸಿಟಿನಿಬ್ ಅನ್ನುವ ಔಷಧಿ, ಅಪೋಕ್ವೆಲ್ ಅನ್ನುವ ಹೆಸರಲ್ಲಿ 2013ರಲ್ಲಿ ಅಮೆರಿಕದಲ್ಲಿ ಬಂತು. ಅದು ಆ ಕೂಗು ನರಕ್ಕೆ ಕೇಳಿಸದ ಹಾಗೆ ತಡೆಯುತ್ತದೆ. ನಿಜವಾಗಿ ಒಳ್ಳೆಯ ಔಷಧಿ. ಎಷ್ಟೋ ನಾಯಿಗಳು ಇದರಿಂದ ರಾತ್ರಿ ನಿದ್ದೆ ಮಾಡುತ್ತಿವೆ. ಆದರೆ ಗಾರೆಯ ಹದ? ಅದು ಹಾಗೇ ಇದೆ. ಮಾತ್ರೆ ಅದನ್ನು ಮುಟ್ಟುವುದೇ ಇಲ್ಲ. ಮತ್ತೆ ಮರಿಗೆ ಹೋಗುವುದು ಮಾತ್ರೆಯಲ್ಲ, ಆ ಹದ.

ಇದು ಎಷ್ಟರ ಮಟ್ಟಿಗೆ ಹೋಗುತ್ತದೆ ಅಂತ ಲೆಕ್ಕ ಹಾಕಿದವರಿದ್ದಾರೆ. 2004ರಲ್ಲಿ ಬ್ರಿಟನ್ನಿನಲ್ಲಿ, ಕಣ್ಣು ಕಾಣದವರಿಗೆ ದಾರಿ ತೋರಿಸುವ ಗೈಡ್ ಡಾಗ್‌ಗಳ ಮೇಲೆ ನಡೆದ ಅಧ್ಯಯನ ಅದು. ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್. ಅಲರ್ಜಿಯ ಆನುವಂಶಿಕತೆ 0.47 ಅಂತ ಬಂತು. ಬಿಡಿಸಿ ಹೇಳಬೇಕು ಅಂದರೆ, ಒಂದು ನಾಯಿಗೆ ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ ಅನ್ನುವ ವ್ಯತ್ಯಾಸದಲ್ಲಿ ಸುಮಾರು ಅರ್ಧ ಹೆತ್ತವರಿಂದ ಬಂದ ಜೀನ್‌ಗಳದ್ದು. ಉಳಿದ ಅರ್ಧ ಸುತ್ತಲ ಪರಿಸರದ್ದು. ಪರಿಸರ ಪೂರ್ತಿ ನಮ್ಮ ಕೈಯಲ್ಲಿ ಇಲ್ಲ. ಯಾವ ಗಂಡನ್ನು ಯಾವ ಹೆಣ್ಣಿಗೆ ಸೇರಿಸಬೇಕು ಅನ್ನುವುದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ.

[ತೆರೆಯ ಮೇಲೆ: ಗುಂಗುರು ಕೂದಲಿನ ಒಂದು ನಾಯಿಮರಿ]

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ವಿಡಿಯೋಗೆ ಓದುವಾಗ ನನ್ನನ್ನು ತುಂಬಾ ಕಾಡಿದ ಕಥೆ ಇದು. ಇದೂ ಗೈಡ್ ಡಾಗ್‌ಗಳದ್ದೇ.

1980ರ ದಶಕದ ಕೊನೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಗೈಡ್ ಡಾಗ್ ತಯಾರು ಮಾಡುವ ಸಂಸ್ಥೆ. ಅಲ್ಲಿ ವಾಲಿ ಕಾನ್ರನ್ ಅನ್ನುವವರು ತಳಿ ವಿಭಾಗ ನೋಡಿಕೊಳ್ಳುತ್ತಿದ್ದರು. ಹವಾಯಿಯಿಂದ ಒಬ್ಬ ಮಹಿಳೆ ಕೇಳಿದರು. ಅವರಿಗೆ ಕಣ್ಣು ಕಾಣುವುದಿಲ್ಲ, ಗೈಡ್ ಡಾಗ್ ಬೇಕು. ಆದರೆ ಗಂಡನಿಗೆ ನಾಯಿಯ ಅಲರ್ಜಿ. ಕಾನ್ರನ್ ಮೊದಲು, ಗುಂಗುರು ಕೂದಲು ಅಷ್ಟಾಗಿ ಉದುರದ ಪೂಡಲ್ ತಳಿಯ ನಾಯಿಗಳನ್ನು ಪ್ರಯತ್ನಿಸಿದರು, ಕೆಲಸಕ್ಕೆ ಆಗಲಿಲ್ಲ. ಕೊನೆಗೆ ಲ್ಯಾಬ್ರಡಾರ್‌ಗೂ ಪೂಡಲ್‌ಗೂ ಕ್ರಾಸ್ ಮಾಡಿಸಿದರು. 3 ಮರಿ ಹುಟ್ಟಿದವು. ಮರಿಗಳ ಕೂದಲು, ಜೊಲ್ಲು ಹವಾಯಿಗೆ ಕಳಿಸಿ ನೋಡಿದರೆ, ಮೂರರಲ್ಲಿ ಒಂದು ಮರಿ ಮಾತ್ರ ಆ ಗಂಡನಿಗೆ ಹೊಂದಿತು. ಅದರ ಹೆಸರು ಸುಲ್ತಾನ್. ಒಂದೇ ತಾಯಿ, ಒಂದೇ ಸಲದ ಹೆರಿಗೆ, ಮೂರರಲ್ಲಿ ಒಂದು. ಈ ಲೆಕ್ಕ ನೆನಪಿಟ್ಟುಕೊಳ್ಳಿ.

ಆದರೆ ಈ ಮರಿಗಳಿಗೆ ಮನೆ? ತರಬೇತಿಗೆ ಮೊದಲು ಅವನ್ನು ಮನೆಯಲ್ಲಿ ಸಾಕಿ ಕೊಡುವುದಕ್ಕೆ ಯಾರೂ ಮುಂದೆ ಬರಲಿಲ್ಲ. ಮರಿ ಬೇಕು ಅಂತ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದವರು ಕೂಡ ಮಿಶ್ರ ತಳಿ ಅಂದ ಕೂಡಲೇ ಬೇಡ ಅಂದರು. ಆಗ ಕಾನ್ರನ್ ಒಂದು ಕೆಲಸ ಮಾಡಿದರು. ಮಿಶ್ರ ತಳಿ ಅನ್ನುವ ಮಾತು ಬಿಟ್ಟು, ಹೊಸ ನಾಯಿ ಬಂದಿದೆ, ಹೆಸರು ಲ್ಯಾಬ್ರಡೂಡಲ್ ಅಂತ ಪ್ರಚಾರ ಮಾಡಿಸಿದರು. ಅಷ್ಟೇ. ಫೋನ್ ಮೇಲೆ ಫೋನ್.

ಅದೇ ಮರಿ. ಅದೇ ಕೂದಲು, ಅದೇ ಕಣ್ಣು. ಹೆಸರು ಮಾತ್ರ ಹೊಸದು. ನಿನ್ನೆ ಬೇಡವಾಗಿದ್ದ ಮರಿಗೆ ಇವತ್ತು ಜನ ಮುಗಿಬಿದ್ದರು. ಇದನ್ನು ಓದಿ ನಾನು ಬಹಳ ಹೊತ್ತು ಸುಮ್ನೆ ಕೂತಿದ್ದೆ.

ಆಮೇಲೆ ಜಗತ್ತಿನ ತುಂಬ ಜನ ಪೂಡಲ್ ಜೊತೆ ಏನೇನನ್ನೋ ಕ್ರಾಸ್ ಮಾಡಿಸಿ, ಹೆತ್ತ ನಾಯಿಗಳ ಆರೋಗ್ಯವನ್ನೂ ನೋಡದೆ "ಅಲರ್ಜಿ ಬರದ ನಾಯಿ" ಅಂತ ಮಾರಿದರು. ಕಾನ್ರನ್ ಮುಂದೆ ಇದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. ಅಲರ್ಜಿ ಬರುವುದಿಲ್ಲ ಅನ್ನುವ ಮಾತೂ ನಿಜವಾಗಲಿಲ್ಲ. 2012ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಪರೀಕ್ಷೆ ಮಾಡಿದರು. ಮನುಷ್ಯರಿಗೆ ಅಲರ್ಜಿ ತರುವ ಮುಖ್ಯ ಪ್ರೋಟೀನು, ಕ್ಯಾನ್ ಎಫ್ 1, ಈ ತಳಿಗಳ ಕೂದಲಲ್ಲಿ ಬೇರೆ ನಾಯಿಗಳಿಗಿಂತ ಜಾಸ್ತಿಯೇ ಸಿಕ್ಕಿತು.

ನನಗೆ ನೋವಾಗುವುದು ಎಲ್ಲಿ ಗೊತ್ತಾ? ನಮ್ಮ ಮೂಗಿಗೆ ತೊಂದರೆ ಆಗಬಾರದು ಅಂತ ಒಂದು ಹೊಸ ನಾಯಿಯನ್ನೇ ಮಾಡಿದೆವು. ನಾಯಿಯ ಚರ್ಮಕ್ಕೆ ತೊಂದರೆ ಆಗಬಾರದು ಅಂತ ಅಷ್ಟು ಆಸೆಪಟ್ಟು ಯಾರು ತಳಿ ಮಾಡಿದ್ದಾರೆ? ವೆಸ್ಟ್ ಹೈಲ್ಯಾಂಡ್ ವೈಟ್ ಟೆರಿಯರ್, ಫ್ರೆಂಚ್ ಬುಲ್‌ಡಾಗ್, ಬಾಕ್ಸರ್, ಲ್ಯಾಬ್ರಡಾರ್, ಇವುಗಳಿಗೆಲ್ಲ ಅಲರ್ಜಿ ಜಾಸ್ತಿ ಅನ್ನುವುದು ಚರ್ಮದ ವೆಟ್‌ಗಳಿಗೆ ದಶಕಗಳಿಂದ ಗೊತ್ತಿದೆ.

[ತೆರೆಯ ಮೇಲೆ: ನಮ್ಮ ಚುಕ್ಕಿಯ ಫೋಟೋ]

ನಮ್ಮ ಚುಕ್ಕಿ ಲ್ಯಾಬ್. 14 ತಿಂಗಳಾದಾಗ ಶುರುವಾಯಿತು. ರಾತ್ರಿ ಎರಡು ಗಂಟೆಗೆ ಮಂಚದ ಪಕ್ಕ ಲಪ್ ಲಪ್ ಲಪ್ ಅಂತ ಸದ್ದು. "ಚುಕ್ಕಿ, ಸಾಕು" ಅಂದರೆ ಒಂದು ಕ್ಷಣ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು, ಆಮೇಲೆ ಮತ್ತೆ ಲಪ್ ಲಪ್. ತಡೆಯಲು ಆಗುತ್ತಿರಲಿಲ್ಲ ಅವಳಿಗೆ. ಮರಿ ತರುವಾಗ ನಾನು ಲಸಿಕೆ ಕಾರ್ಡ್ ಕೇಳಿದ್ದೆ, ಅಪ್ಪನಿಗೆ ಬಂದ ಬಹುಮಾನದ ಫೋಟೋ ನೋಡಿದ್ದೆ. ಅಮ್ಮನ ಪಾದ ನೋಡಿರಲಿಲ್ಲ. ಆಮೇಲೆ ಬ್ರೀಡರ್‌ಗೆ ಫೋನ್ ಮಾಡಿದರೆ ಅವರು ಆರಾಮಾಗಿ ಹೇಳಿದರು: "ಹೌದು ಮೇಡಂ, ತಾಯಿಗೂ ಹಂಗೇ ಇತ್ತು. ಮಾತ್ರೆ ಕೊಟ್ರೆ ಸರಿ ಹೋಗತ್ತೆ."

ಆ ಮಾತಿನಲ್ಲೇ ಎಲ್ಲ ಇದೆ. ಔಷಧಿ ಚೆನ್ನಾದಷ್ಟೂ ರೋಗ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದ ರೋಗ ಸಲೀಸಾಗಿ ಮುಂದಿನ ಪೀಳಿಗೆಗೆ ದಾಟುತ್ತದೆ. ಹಿಂದೆ ಮೈಯೆಲ್ಲ ಕೆರೆದುಕೊಂಡು ಗಾಯವಾದ ನಾಯಿಯನ್ನು ಯಾರೂ ಮರಿಗೆ ಬಿಡುತ್ತಿರಲಿಲ್ಲ. ಈಗ ಅದೇ ನಾಯಿ ಮಾತ್ರೆ ತಿಂದು ಮಿರಮಿರ ಮಿಂಚುತ್ತದೆ. ಅದಕ್ಕೇ ಔಷಧಿ ಕೊಡಬಾರದು ಅಂತಲ್ಲ! ಖಂಡಿತ ಕೊಡಬೇಕು. ಕೊಟ್ಟ ಮೇಲೆ, ಆ ನಾಯಿಯನ್ನು ಮರಿಗೆ ಬಿಡಬಾರದು. ಈ ಎರಡನ್ನೂ ಒಟ್ಟಿಗೆ ಹೇಳಬೇಕು.

ಇನ್ನೊಂದು ತೊಡಕು ವಯಸ್ಸಿನದು. ಈ ಅಲರ್ಜಿ ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷದ ನಡುವೆ ಕಾಣಿಸಿಕೊಳ್ಳುತ್ತದೆ. ಎರಡು ವರ್ಷಕ್ಕೇ ಮರಿ ಹಾಕಿಸಿದರೆ, ಮರಿಗಳು ಹೊಸ ಮನೆ ಸೇರಿದ ಮೇಲೆ ತಾಯಿಗೆ ತುರಿಕೆ ಶುರುವಾಗಬಹುದು. ಆಗ ಏನು ಮಾಡುತ್ತೀರಿ? ಮೂಗಿನ ಉದ್ದವನ್ನಾದರೂ ಅಳತೆಪಟ್ಟಿ ಹಿಡಿದು ಅಳೆಯಬಹುದು. ನೆದರ್ಲೆಂಡ್ಸ್‌ನಲ್ಲಿ 2019ರಿಂದ ಮೂತಿ ತೀರಾ ಮೊಟಕಾದ ನಾಯಿಗಳಿಂದ ಮರಿ ಹಾಕಿಸುವುದಕ್ಕೆ ಹಾಗೆ ಅಳೆದೇ ತಡೆ ಹಾಕಿದ್ದಾರೆ. ತುರಿಕೆಗೆ ಅಳತೆಪಟ್ಟಿ ಇಲ್ಲ. ಇದು ಒಂದು ಜೀನಿನ ಕೆಲಸ ಅಲ್ಲ, ಹಲವು ಸೇರಿ ಮಾಡುವುದು. ಹಾಗಾಗಿ "ಈ ನಾಯಿಯ ಮರಿಗೆ ಅಲರ್ಜಿ ಬರುವುದಿಲ್ಲ" ಅಂತ ಹೇಳುವ ಡಿಎನ್‌ಎ ಪರೀಕ್ಷೆಯೂ ಇಲ್ಲ. ಕಾಯಬೇಕು, ಅಪ್ಪ ಅಮ್ಮ ಅಜ್ಜಿ ಎಲ್ಲರ ಚರ್ಮ ನೋಡಬೇಕು. ಬೇರೆ ದಾರಿ ಇಲ್ಲ.

ಇದಕ್ಕೆ ಎದುರು ವಾದವೂ ಇದೆ, ಅದು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ತುರಿಕೆಯ ನಾಯಿಗಳನ್ನೆಲ್ಲ ತೆಗೆದುಬಿಟ್ಟರೆ ಕೆಲವು ತಳಿಗಳಲ್ಲಿ ಉಳಿಯುವುದೇ ಕೆಲವು ನಾಯಿ, ಅವೇ ಅವೇ ಸಂಬಂಧಿಕರ ನಡುವೆ ಮರಿಯಾಗಿ ಬೇರೆ ರೋಗ ಬರುತ್ತವೆ ಅಂತ. ಹೌದು. ಅದಕ್ಕೆ ಉತ್ತರ ಹೊರಗಿನಿಂದ ರಕ್ತ ತರುವುದು, ಅಂದರೆ ಬೇರೆ ತಳಿಯ ನಾಯಿ ಜೊತೆ ಸೇರಿಸುವುದು. ಡಾಲ್ಮೇಷಿಯನ್‌ಗಳಲ್ಲಿ ಇದು ಆಗಿದೆ. ಶುದ್ಧ ತಳಿಯ ಎಲ್ಲ ಡಾಲ್ಮೇಷಿಯನ್‌ಗೂ ಯೂರಿಕ್ ಆಸಿಡ್ ದೋಷ ಇತ್ತು, ಅದರಿಂದ ಎಷ್ಟೋ ನಾಯಿಗಳಿಗೆ ಮೂತ್ರದಲ್ಲಿ ಕಲ್ಲಾಗುತ್ತಿತ್ತು. 1973ರಲ್ಲಿ ರಾಬರ್ಟ್ ಶೈಬಲ್ ಅನ್ನುವ ವಿಜ್ಞಾನಿ ಪಾಯಿಂಟರ್ ಅನ್ನುವ ತಳಿಯ ಒಂದೇ ಒಂದು ನಾಯಿ ಜೊತೆ ಕ್ರಾಸ್ ಮಾಡಿಸಿ, ಮುಂದಿನ ಪೀಳಿಗೆಗಳನ್ನು ಮತ್ತೆ ಡಾಲ್ಮೇಷಿಯನ್‌ಗಳ ಜೊತೆಗೇ ಸೇರಿಸುತ್ತಾ ಹೋದರು. ಚುಕ್ಕೆ ಉಳಿಯಿತು, ದೋಷ ಹೋಯಿತು. ಆದರೂ "ಶುದ್ಧ ಅಲ್ಲ" ಅನ್ನುವ ತಕರಾರಿನಿಂದ ತಳಿಗಳ ದಾಖಲೆ ಇಡುವ ಅಮೆರಿಕನ್ ಕೆನಲ್ ಕ್ಲಬ್ ಆ ವಂಶಕ್ಕೆ ಬಾಗಿಲು ತೆರೆದದ್ದು 2011ರಲ್ಲಿ. ಅಲ್ಲಿ ಒಂದೇ ಜೀನ್ ಇತ್ತು, ಕೆಲಸ ಸುಲಭ. ಅಲರ್ಜಿಯಲ್ಲಿ ಅಷ್ಟು ಸುಲಭ ಇಲ್ಲ. ಆದರೆ ತಡ ಆಗಿದ್ದು ವಿಜ್ಞಾನದಿಂದ ಅಲ್ಲ ಅನ್ನುವುದನ್ನು ಗಮನಿಸಿ.

ಸಮಯ ಓಡುತ್ತಿದೆ. ಚಿಕಿತ್ಸೆಯ ಬಗ್ಗೆ ತುಂಬಾ ಜನ ಕೇಳಿದ್ದೀರಿ, ಒಂದೇ ಉಸಿರಲ್ಲಿ ಹೇಳುತ್ತೇನೆ. ಮೊದಲು ಚಿಗಟ ಮತ್ತು ಕಜ್ಜಿ ಹುಳ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ಆಹಾರದ ಪರೀಕ್ಷೆ, ಅಂದರೆ ನಾಯಿ ಇದುವರೆಗೆ ತಿನ್ನದ ಪ್ರೋಟೀನು ಅಥವಾ ಪ್ರೋಟೀನನ್ನು ತೀರಾ ಸಣ್ಣ ಚೂರು ಮಾಡಿದ ಹೈಡ್ರೊಲೈಸ್ಡ್ ಆಹಾರ ಮಾತ್ರ, ಕನಿಷ್ಠ 8 ವಾರ, ನಡುವೆ ಒಂದು ಬಿಸ್ಕತ್ತೂ ಇಲ್ಲ. ಆಹಾರದ ಅಲರ್ಜಿ ಹಿಡಿಯುತ್ತೇವೆ ಅನ್ನುವ ರಕ್ತ, ಜೊಲ್ಲಿನ ಪರೀಕ್ಷೆಗಳನ್ನು ನಂಬಬೇಡಿ. ಸ್ಟೀರಾಯ್ಡ್ ಬೇಗ ಕೆಲಸ ಮಾಡುತ್ತದೆ, ಆದರೆ ಹಸಿವು, ಬಾಯಾರಿಕೆ, ಮೂತ್ರ ಎಲ್ಲ ಜಾಸ್ತಿ, ವರ್ಷಗಟ್ಟಲೆ ಕೊಡುವಂಥದ್ದಲ್ಲ. ಮನುಷ್ಯರ ಅಲರ್ಜಿ ಮಾತ್ರೆ ನಾಯಿಯ ತುರಿಕೆಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ, ನೀವೇ ಕೊಡಲು ಹೋಗಬೇಡಿ. ಲೊಕಿವೆಟ್‌ಮ್ಯಾಬ್ ಅನ್ನುವ ಇಂಜೆಕ್ಷನ್ ಆ ಇಂಟರ್‌ಲ್ಯೂಕಿನ್ 31 ಅನ್ನು ದಾರಿಯಲ್ಲೇ ಹಿಡಿದುಬಿಡುತ್ತದೆ, ಒಂದು ಸಲಕ್ಕೆ ಸುಮಾರು 4ರಿಂದ 8 ವಾರ. ಇಮ್ಯುನೋಥೆರಪಿ ಅಂದರೆ ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ಅಭ್ಯಾಸ ಮಾಡಿಸುವುದು. ಫಲ ಕಾಣಲು ಒಂದು ವರ್ಷವೂ ಹಿಡಿಯಬಹುದು, ಎಲ್ಲ ನಾಯಿಗೂ ಆಗುವುದಿಲ್ಲ, ಆದರೆ ಕೂಗು ಅಡಗಿಸುವ ಬದಲು ಕೂಗುವ ಅಭ್ಯಾಸವನ್ನೇ ಬಿಡಿಸಲು ನೋಡುವುದು ಇದೊಂದೇ. ಚುಕ್ಕಿಗೆ ಇದರಲ್ಲೇ ಹತೋಟಿ ಸಿಕ್ಕಿತು, ಹತ್ತನೇ ತಿಂಗಳಿಗೆ.

ಮರಿ ತರುವವರು ಹೋದಾಗ ಕೈಯಲ್ಲಿ ಮರಿ ಎತ್ತಿಕೊಳ್ಳುವ ಮೊದಲು ಅಮ್ಮನ ಮುಂಗಾಲು ಎತ್ತಿ ನೋಡಿ, ಬೆರಳ ಸಂದಿ ಬಿಡಿಸಿ. ಕಿವಿ ಮೂಸಿ ನೋಡಿ. ಈಗ ಯಾವ ಔಷಧಿ ನಡೆಯುತ್ತಿದೆ ಅಂತ ಕೇಳಿ. ಹಿಂದಿನ ಸಲದ ಮರಿಗಳು ಈಗ ಹೇಗಿವೆ ಅಂತ ಕೇಳಿ, ಆ ಮನೆಯವರ ಜೊತೆ ಮಾತಾಡಿಸಿ ಅನ್ನಿ. ಒಳ್ಳೆಯ ಬ್ರೀಡರ್‌ಗೆ ಇದರಿಂದ ಬೇಜಾರಾಗುವುದಿಲ್ಲ.

ಈಗ ಸಿಂಬಾನ ಮನೆಯವರಿಗೆ. ನಿಮ್ಮ ಮಾತ್ರೆ ಅಪೋಕ್ವೆಲ್ ಆಗಿದ್ದರೆ ಅದರ ಜೊತೆ ಬರುವ ಚೀಟಿ ಬಿಡಿಸಿ ಓದಿ. ಮರಿಗೆ ಬಿಡುವ ನಾಯಿಗಳಿಗೆ ಇದನ್ನು ಕೊಡಬಾರದು ಅಂತ ಕಂಪನಿಯೇ ಬರೆದಿದೆ. ಕ್ರಾಸ್ ಮಾಡಿಸಲು ಮಾತ್ರೆ ನಿಲ್ಲಿಸಬೇಕು, ನಿಲ್ಲಿಸಿದರೆ ಆ ತುರಿಕೆ ವಾಪಸ್ ಬರುತ್ತದೆ. ಅವನು ಚೆಂದ, ಅವನ ಗುಣ ಚೆಂದ, ಅವನ ಹಾಗೇ ಇನ್ನೊಬ್ಬ ಬೇಕು ಅನ್ನಿಸುವುದು ಪ್ರೀತಿಯಿಂದಲೇ ಅಂತ ನನಗೆ ಗೊತ್ತು. ಮಾಡಿಸಬೇಡಿ. ಮಾತ್ರೆ ನಿಲ್ಲಿಸಬೇಡಿ. ವರ್ಷಕ್ಕೆ ಎರಡು ಸಲ ರಕ್ತ ಪರೀಕ್ಷೆ ಮಾಡಿಸಬೇಕಾ ಅಂತ ನಿಮ್ಮ ವೆಟ್ ಹತ್ತಿರ ಕೇಳಿ, ಮತ್ತೆ ಇವತ್ತು ರಾತ್ರಿ ಅವನ ಪಾದ ಒಂದು ಸಲ ನೋಡಿ ಫೋಟೋ ಕಳಿಸಿ. ಹೊಸ ಕೂದಲು ಬಿಳಿಯಾಗಿ ಬರುತ್ತಿದೆಯಾ ಅಂತ ನನಗೂ ನೋಡಬೇಕು.